ಚಾಪೆಯಮ್ಮನ ಪಾತ್ರೆಯಲ್ಲಿ ಉಳಿದ ಅನ್ನ

ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಪಕ್ಕದ ಮನೆಯವರಿಗಿಂತ ಮೊದಲು ದಿನಸಿ ಅಂಗಡಿಯವರಿಗೆ ಗೊತ್ತಾಗುತ್ತದೆ. ಸಕ್ಕರೆ ಜಾಸ್ತಿ ಒಯ್ದರೆ ನೆಂಟರು ಬಂದಿದ್ದಾರೆ. ಸೋಪೂ ಜಾಸ್ತಿ ಒಯ್ದರೆ ಆ ನೆಂಟರು ಹೊರಡುವ ಲಕ್ಷಣವಿಲ್ಲ. ಗಂಡಸು ತಾನೇ ಬಂದು ಹೆಂಡತಿಗಿಷ್ಟವಾದ ಬಿಸ್ಕತ್ತು ಯಾವುದೆಂದು ನನ್ನನ್ನೇ ಕೇಳಿದರೆ ಹಿಂದಿನ ದಿನ ಜಗಳವಾಗಿದೆ. ನಾನಾಗಿ ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ. ತೀರಾ ತಡೆಯಲಾಗದಿದ್ದರೆ ಮಾತ್ರ ಕೇಳುತ್ತೇನೆ. ನನಗೆ ತಡೆಯುವ ಶಕ್ತಿ ಸ್ವಲ್ಪ ಕಡಿಮೆ.

ಚಾಪೆಯಮ್ಮ ನನ್ನ ಅಂಗಡಿಯ ಎದುರು ಸಾಲಿನವಳು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಗ್ಗೆ ತಮ್ಮ ಮಕ್ಕಳನ್ನು ಅವಳ ಮನೆಯಲ್ಲಿ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಾರೆ. ಮುಂದಿನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಒಂದು ನೀಲಿ ಚಾಪೆ ಹಾಸಿದೆ. ಒಂಬತ್ತು ಮಕ್ಕಳ ಆಟ, ಊಟ, ನಿದ್ದೆ, ಜಗಳ, ರಾಜಿ ಎಲ್ಲವೂ ಅದರ ಮೇಲೆಯೇ. ಯಾವುದೋ ಮಗು ತೊದಲುತ್ತಾ ಚಾಪೆಯಮ್ಮ ಎಂದದ್ದೇ ನೆಪವಾಯಿತು, ಬೀದಿಗೆ ಬೀದಿಯೇ ಹಾಗೆ ಕರೆಯತೊಡಗಿತು. ಈಗ ಅವಳ ಅತ್ತೆ ಕೂಡ ಹಾಗೇ ಕರೆಯುತ್ತಾರೆ, ಸಿಟ್ಟು ಬಂದಾಗ ಮಾತ್ರ ಕೊನೆಗೆ ಒಂದು 'ನವರೇ' ಸೇರಿಸುತ್ತಾರೆ.

ಗಂಡ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಜನರನ್ನು ಮೇಲಕ್ಕೆ ಏರಿಸುವವನ ಸಂಬಳ ಮಾತ್ರ ವರ್ಷಗಳಿಂದ ನೆಲಮಹಡಿಯಲ್ಲೇ ಕೆಟ್ಟು ನಿಂತಿದೆ. ಆ ಮಾತನ್ನು ಅವನೇ ಹೇಳಿ ಅವನೇ ನಗುತ್ತಾನೆ. ಒಬ್ಬಳೇ ಮಗಳು, ನಾಲ್ಕನೇ ತರಗತಿ. ಶಾಲೆಯಿಂದ ಬಂದವಳೇ ಚಾಪೆಯ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ದಬಾಯಿಸುವುದರಿಂದ ಅವಳಿಗೆ ಮೇಡಂ ಎಂದೇ ಹೆಸರು ನಿಂತಿದೆ. ಇವರು ಮೂವರು, ಅತ್ತೆ, ಚಾಪೆಯ ಒಂಬತ್ತು. ಎಲ್ಲರ ಹೊಟ್ಟೆಗೂ ಒಂದೇ ಒಲೆ, ಒಂದೇ ದೊಡ್ಡ ಪಾತ್ರೆ.

ಒಂದೇ ಪಾತ್ರೆ ಎಂಬುದು ಚಾಪೆಯಮ್ಮ ತಾನೇ ಹಾಕಿಕೊಂಡ ಕಟ್ಟಳೆ. ಶುರುವಿನಲ್ಲಿ ಒಬ್ಬಳು ತಾಯಿ ಸೊಂಟದ ಮೇಲೆ ಕೈಯಿಟ್ಟು, "ನಾನು ಕೊಡೋ ದುಡ್ಡಲ್ಲಿ ನಿಮ್ಮನೆಯವರು ಹಾಲು ಕುಡೀತಿಲ್ಲ ತಾನೆ?" ಎಂದು ಕೇಳಿದ್ದಳಂತೆ. ಅಂದಿನಿಂದ ಬೆಳಗ್ಗೆ ಒಂದೇ ಅಡುಗೆ. ಮಧ್ಯಾಹ್ನ ಪಾತ್ರೆಯನ್ನು ಚಾಪೆಯ ನಡುವೆ ಇಟ್ಟು ಮಕ್ಕಳಿಗೆ ಬೇಕಾದಷ್ಟು ಬಡಿಸುವುದು. ಮಿಕ್ಕಿದ್ದು ಸಂಜೆ ಮನೆಯವರಿಗೆ. ಮೊಟ್ಟೆ ಬೇಯಿಸಿದ ದಿನ ಮೊಟ್ಟೆ ಚಾಪೆಗೆ ಮಾತ್ರ. "ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಬಂದು ಮುಚ್ಚಳ ತೆಗೆದು ನೋಡ್ಲಿ" ಎನ್ನುತ್ತಿದ್ದಳು. "ನೀನು ಏನು ತಿಂತೀಯೇ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಒಂಬತ್ತು ಮಕ್ಕಳ ತಟ್ಟೆ ಬಳಿದ್ರೆ ಸಾಕು, ನನ್ನ ಹೊಟ್ಟೆ ತುಂಬುತ್ತೆ" ಎಂದು ನಕ್ಕಳು. ನಾನೂ ನಕ್ಕೆ.

ಅವಳು ಸಾಮಾನು ಕೊಳ್ಳುವುದನ್ನು ನೋಡಬೇಕು ನೀವು. ಅಕ್ಕಿಯನ್ನು ಅಂಗೈಯಲ್ಲಿ ಹರಡಿ ಊದಿ ನೋಡುತ್ತಾಳೆ. ಬೇಳೆಯ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು, ಹಳೆಯದಾದರೆ, "ಅಕ್ಕಾ, ಇದು ಬೇಯೋ ಹೊತ್ತಿಗೆ ನನ್ನ ಗ್ಯಾಸು ಮುಗಿಯುತ್ತೆ" ಎಂದು ವಾಪಸು ಸುರಿಯುತ್ತಾಳೆ. ಒಡೆದ ಕ್ಯಾರೆಟ್, ಸಣ್ಣ ಆಲೂಗಡ್ಡೆ, ಸಿಪ್ಪೆ ಕಪ್ಪಾದ ಬಾಳೆಹಣ್ಣು, ಇವನ್ನೆಲ್ಲ ಬೇರೆಯಾಗಿ ಗುಡ್ಡೆ ಹಾಕಿ ಅರ್ಧ ಬೆಲೆಗೆ ಕೇಳುತ್ತಾಳೆ. ಕೊಡದಿದ್ದರೆ ಹೋಗುವುದಿಲ್ಲ. ಬೇರೆ ಗಿರಾಕಿಗಳ ಎದುರು ನಿಂತು ನನ್ನ ಬಾಳೆಹಣ್ಣಿನ ಗುಣಗಾನ ಮಾಡತೊಡಗುತ್ತಾಳೆ. ಮಾನ ಉಳಿಸಿಕೊಳ್ಳಲು ನಾನು ಕೊಟ್ಟು ಕಳಿಸುತ್ತೇನೆ.

ಈ ವರ್ಷ ಬೆಲೆಗಳು ಏರಿದವು. ಮೊದಲು ಎಣ್ಣೆ, ಆಮೇಲೆ ಬೇಳೆ, ಹಾಲು. ನಾನು ಹೊಸ ಬೆಲೆ ಹೇಳುವಾಗ ಗಿರಾಕಿಗಳು ನಾನೇ ಏರಿಸಿದವಳೆಂಬಂತೆ ನನ್ನನ್ನು ದುರುಗುಟ್ಟಿ ನೋಡುತ್ತಾರೆ. ಚಾಪೆಯಮ್ಮ ದುರುಗುಟ್ಟಲಿಲ್ಲ, ಗಲ್ಲಾದ ಮುಂದೆ ನಿಂತು ಬೆರಳು ಮಡಚಿ ಲೆಕ್ಕ ಹಾಕಿದಳು.

"ಮಕ್ಕಳಿಗೆ ಮೊಟ್ಟೆ ನಿಲ್ಲಿಸು" ಎಂದೆ.

"ಆಗಲ್ಲ."

"ಹಾಗಾದ್ರೆ ಫೀಸು ಏರಿಸು."

"ಎಲ್ಲರಿಗಿಂತ ಚಿಕ್ಕದೊಂದಿದೆಯಲ್ಲ, ಅದರ ತಾಯಿ ಆಸ್ಪತ್ರೇಲಿ ನೆಲ ಒರೆಸ್ತಾಳೆ ಅಕ್ಕಾ. ಏರಿಸಿದ್ರೆ ಮಗೂನ ಮನೇಲಿ ಕೂಡಿಹಾಕಿ ಬೀಗ ಹಾಕ್ಕೊಂಡು ಹೋಗ್ತಾಳೆ. ಮೊದಲು ಹಾಗೇ ಮಾಡ್ತಿದ್ಲು."

"ಮತ್ತೆ ಹೇಗೆ?"

"ಹೇಗಾದ್ರೂ. ಚಾಪೆ ಮೇಲಿಂದ ಒಂದು ತುತ್ತೂ ಕಡಿಮೆ ಮಾಡಲ್ಲ. ಒಂದು ಮಗೂನೂ ಕಳಿಸಲ್ಲ." ಆಮೇಲೆ ಚೀಲ ಎತ್ತಿಕೊಂಡು ಇನ್ನೊಂದು ಮಾತು ಹೇಳಿದಳು. "ಆದ್ರೆ ನನ್ನ ಮನೆಯವರ ಹೊಟ್ಟೆಗೆ ಕಡಿಮೆಯಾಗಿದ್ದು ಕಂಡ ದಿನ ಚಾಪೆ ಮಡಚಿಬಿಡ್ತೀನಿ. ಅವರನ್ನ ಉಪವಾಸ ಕೆಡವಿ ಊರಿನವರಿಗೆ ಉಣ್ಣಿಸೋಷ್ಟು ದೊಡ್ಡವಳಲ್ಲ ನಾನು." ಮೇಡಂ ಅವಳ ಸೆರಗಿನ ಪಕ್ಕದಲ್ಲೇ ನಿಂತಿದ್ದಳು.

ಆ ಮಾತು ಮನೆಯವರೆಲ್ಲರ ಕಿವಿಗೂ ಬಿದ್ದಿರಬೇಕು. ಏಕೆಂದರೆ ಕೆಲವೇ ದಿನಗಳಲ್ಲಿ ನನ್ನ ಅಂಗಡಿಗೆ ಗುಟ್ಟುಗಳು ಬರತೊಡಗಿದವು.

ಮೊದಲು ಬಂದವನು ಗಂಡ. ಸಂಜೆ ಕೆಲಸದಿಂದ ನೇರ ಬಂದು, ಒಂದು ಬಾಳೆಹಣ್ಣು ಕೊಂಡು ಅಕ್ಕಿ ಮೂಟೆಯ ಮರೆಯಲ್ಲಿ ನಿಂತು ತಿಂದ. ಸಿಪ್ಪೆಯನ್ನು ನನ್ನ ಬುಟ್ಟಿಗೇ ಹಾಕಿ, "ಅಕ್ಕಾ, ಇವಳಿಗೆ ಹೇಳಬೇಡಿ. ಕೆಲಸದ ಜಾಗದಲ್ಲಿ ಹೊಟ್ಟೆ ತುಂಬ ತಿಂಡಿ ಕೊಡ್ತಾರೆ ಅಂದಿದ್ದೀನಿ. ರಾತ್ರಿ ಎರಡೇ ತುತ್ತು ತಿನ್ನೋದು" ಎಂದ. ಬಾಯಿಗೆ ಬೀಗ ಹಾಕಿಕೊಂಡೆ.

ಆಮೇಲೆ ಅತ್ತೆ. ಅಜೀರ್ಣದ ಮಾತ್ರೆ ಕೇಳಿದರು. "ಏನಾಯ್ತಮ್ಮ?" ಎಂದೆ. "ಏನೂ ಇಲ್ಲ, ಕಲ್ಲು ತಿಂದ್ರೂ ಕರಗುತ್ತೆ ನನಗೆ. ಸೊಸೆ ಕಣ್ಣಿಗೆ ಬೀಳೋ ಹಾಗೆ ತಲೆದಿಂಬಿನ ಹತ್ತಿರ ಇಟ್ಕೋಬೇಕು. ಹೊಟ್ಟೆ ಸರಿಯಿಲ್ಲ ಅಂದ್ರೆ ತಾನೆ ಕಡಿಮೆ ಬಡಿಸ್ಕೊಂಡ್ರೂ ನಂಬ್ತಾಳೆ?" ಹದಿನೈದು ದಿನ ಬಿಟ್ಟು ಅದೇ ಮಾತ್ರೆ ಪಟ್ಟಿಯನ್ನು ತಂದು, "ಒಂದೂ ತಿಂದಿಲ್ಲ ನೋಡು, ಇದನ್ನ ಇಟ್ಕೊಂಡು ಬೇರೆ ಬಣ್ಣದ್ದು ಕೊಡು. ಇದನ್ನೇ ನೋಡಿ ನೋಡಿ ಅವಳಿಗೆ ಅನುಮಾನ ಬರುತ್ತೆ" ಎಂದರು. ನನ್ನ ವ್ಯಾಪಾರದ ಇತಿಹಾಸದಲ್ಲಿ ಬಣ್ಣ ನೋಡಿ ಮಾತ್ರೆ ಬದಲಿಸಿಕೊಂಡ ಗಿರಾಕಿ ಅವರೊಬ್ಬರೇ.

ಇತ್ತ ಚಾಪೆಯಮ್ಮನ ಮುಖ ದಿನದಿಂದ ದಿನಕ್ಕೆ ಅರಳುತ್ತಿತ್ತು. ಒಂದು ದಿನ ವಾರದ ಅಕ್ಕಿಯಲ್ಲಿ ಒಂದು ಕಿಲೋ ಕಡಿಮೆ ಹಾಕಿ ಎಂದಳು.

"ಯಾಕೆ, ಯಾರಾದ್ರೂ ಮಕ್ಕಳು ಬಿಟ್ರಾ?"

"ಇಲ್ಲ ಅಕ್ಕಾ, ಉಳೀತಿದೆ! ದಿನಾ ಪಾತ್ರೆ ತಳದಲ್ಲಿ ಅನ್ನ ಉಳೀತಿದೆ. ಇಷ್ಟು ದಿನ ನಾನೇ ದಂಡವಾಗಿ ಜಾಸ್ತಿ ಬೇಯಿಸ್ತಿದ್ದೆ ಅನ್ಸುತ್ತೆ. ಅಳತೆ ಇಳಿಸಿದ್ದೀನಿ, ಆದ್ರೂ ಉಳೀತಿದೆ. ನೋಡ್ತಾ ಇರಿ, ಫೀಸೂ ಏರಿಸದೆ ಮೊಟ್ಟೆನೂ ಬಿಡದೆ ವರ್ಷ ದಾಟಿಸ್ತೀನಿ."

ಮನೆಯವರು ಇವಳಿಗಾಗಿ ಪಾತ್ರೆಯಲ್ಲೇ ಬಿಡುತ್ತಿದ್ದಾರೆ. ಬಿಟ್ಟದ್ದನ್ನು ಕಂಡು ಇವಳು ಅಳತೆ ಇಳಿಸುತ್ತಿದ್ದಾಳೆ. ಇಳಿಸಿದಷ್ಟೂ ಅವರು ಇನ್ನಷ್ಟು ಬಿಡುತ್ತಿದ್ದಾರೆ. ಹೀಗೇ ಹೋದರೆ ಒಂದು ದಿನ ಬರೀ ಪಾತ್ರೆಯನ್ನು ಒಲೆಯ ಮೇಲಿಟ್ಟು ಎಲ್ಲರೂ ತೇಗುತ್ತಾರೆ. ಹೇಳಿಬಿಡೋಣ ಎಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಚಾಪೆ ಮಡಚುತ್ತಾಳೆ, ಆ ಚಿಕ್ಕದರ ಮೇಲೆ ಬೀಗ ಬೀಳುತ್ತದೆ. ಒಂದು ಕಿಲೋ ಕಡಿಮೆಯೇ ತೂಗಿದೆ. ಮುಂದಿನ ವಾರ ಮತ್ತೆ ಅರ್ಧ ಕಿಲೋ ಕಡಿಮೆ ಮಾಡಿಸಿದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಪಾಪ, ಹಾಲಿನ ಹುಡುಗನಿಗೆ ಸುಮ್ಮಸುಮ್ಮನೆ ಬೈದೆ.

ತಿಂಗಳಿಗೊಮ್ಮೆ, ಶನಿವಾರ ಸಂಜೆ, ಅವಳು ಚಾಪೆಯ ಮಕ್ಕಳನ್ನು ತೂಗಿಸಲು ನನ್ನ ಅಂಗಡಿಗೆ ಕರೆತರುತ್ತಾಳೆ. ಮೂಟೆ ತೂಗುವ ದೊಡ್ಡ ಯಂತ್ರವೊಂದು ಬಾಗಿಲ ಬಳಿ ಇದೆ. ಹಲಗೆ ಹತ್ತಿದರೆ ಮುಳ್ಳು ತಿರುಗುತ್ತದೆ. ತಾಯಂದಿರೂ ಅಲ್ಲಿಗೇ ಬಂದು, ತಮ್ಮ ಮಗು ಎಷ್ಟು ತೂಗಿತೆಂದು ನೋಡಿಕೊಂಡು ಹಾಗೇ ಕರೆದುಕೊಂಡು ಹೋಗುತ್ತಾರೆ. ಉಸ್ತುವಾರಿ ಮೇಡಂ ಅವರದು. "ಚಪ್ಪಲಿ ಬಿಡಿ! ಕೈಯಲ್ಲಿರೋದನ್ನ ಕೆಳಗಿಡಿ! ಕಂಬ ಮುಟ್ಟಬೇಡಿ!" ಎಂದು ಕೂಗುತ್ತಾಳೆ. ಆ ತಿಂಗಳು ಒಂಬತ್ತೂ ಮಕ್ಕಳ ಮುಳ್ಳು ಮುಂದಕ್ಕೆ ಹೋಗಿತ್ತು. ಆಸ್ಪತ್ರೆಯವಳ ಚಿಕ್ಕದು ಅರ್ಧ ಕಚ್ಚಿದ ಬಾಳೆಹಣ್ಣನ್ನು ಬಿಡಲಾರೆನೆಂದು ರಂಪ ಮಾಡಿ, ಕೊನೆಗೆ ಉಳಿದದ್ದನ್ನು ಬಾಯಿಗೆ ತುರುಕಿಕೊಂಡು ಹಲಗೆ ಹತ್ತಿತು. ಎಲ್ಲರೂ ನಕ್ಕೆವು.

ಕೊನೆಗೆ ಮೇಡಂ ತಾನೂ ಹತ್ತಿದಳು. ಮುಳ್ಳು ಹೋದ ತಿಂಗಳಿಗಿಂತ ಮುಂದೆ ಹೋಗಿ ನಿಂತಿತು. "ನೋಡಿದ್ರಾ ಅಕ್ಕಾ?" ಎಂದಳು ಚಾಪೆಯಮ್ಮ. "ಅಳತೆ ಇಳಿಸಿದ್ರೂ ನನ್ನ ಮಗಳು ಬೆಳೀತಿದ್ದಾಳೆ."

ಅಷ್ಟರಲ್ಲಿ ಒಬ್ಬಾತ ಬಂದು ಒಂದೂವರೆ ಕಿಲೋ ಈರುಳ್ಳಿ ಕೇಳಿದ. ಚಿಕ್ಕ ತಕ್ಕಡಿಗೆ ಇಡಲು ನೋಡುತ್ತೇನೆ, ಒಂದು ಕಿಲೋದ ಕಬ್ಬಿಣದ ಬಟ್ಟು ಇಲ್ಲ, ಅರ್ಧ ಕಿಲೋದ್ದೂ ಇಲ್ಲ. ಮೇಜಿನ ಮೇಲೆ ಕೆಳಗೆ ಎಲ್ಲ ತಡಕಾಡಿದೆ. "ತೂಕದ ಬಟ್ಟನ್ನೂ ಬಿಡಲ್ವಲ್ಲಪ್ಪ ಈ ಕಾಲದ ಕಳ್ಳರು!" ಎಂದು ಕೂಗಿದೆ. ಮೇಡಂ ಗಾಬರಿಯಾಗಿ ಹಲಗೆಯಿಂದ ಕೆಳಗೆ ಹಾರಿದಳು. ಫ್ರಾಕು ಯಂತ್ರದ ಕಂಬಕ್ಕೆ ಬಡಿದು ಠಣ್ ಎಂದು ಸದ್ದಾಯಿತು. ಅದರ ಎರಡೂ ಜೇಬು ಮೊಣಕಾಲಿನವರೆಗೆ ಜೋತುಬಿದ್ದಿದ್ದವು.

ಚಾಪೆಯಮ್ಮ ಬಂದು ಮಗಳ ಜೇಬಿನಿಂದ ಎರಡೂ ಬಟ್ಟುಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. "ಹತ್ತು" ಎಂದಳು. ಮೇಡಂ ಹತ್ತಿದಳು. ಮುಳ್ಳು ಹೋದ ತಿಂಗಳಿನ ಗೆರೆಯನ್ನೂ ಮುಟ್ಟದೆ ಹಿಂದೆಯೇ ನಿಂತಿತು.

"ಯಾಕೆ ಹೀಗೆ ಮಾಡ್ದೆ?"

"ನನ್ನ ತೂಕ ಇಳಿದಿದ್ದು ನೋಡಿದ್ರೆ ನೀನು ಚಾಪೆ ಮಡಚ್ತೀಯ ಅಂತ" ಎಂದು ಹುಡುಗಿ ಬಿಕ್ಕಳಿಸಿದಳು. "ಚಿಕ್ಕದನ್ನ ಮತ್ತೆ ಒಳಗೆ ಹಾಕಿ ಬೀಗ ಹಾಕ್ತಾರೆ ಅಂತ."

"ಹೊಟ್ಟೆ ತುಂಬ ತಿಂತಿದ್ದೀಯ ತಾನೆ ನೀನು? ದಿನಾ ಉಳೀತಿದೆಯಲ್ಲೇ ಅನ್ನ!"

ಇನ್ನು ತಡೆಯುವುದು ನನ್ನಿಂದಾಗಲಿಲ್ಲ. ಪಿತ್ತ ನೆತ್ತಿಗೇರಿತು. "ಉಳೀತಿಲ್ಲ ಕಣೇ, ಉಳಿಸ್ತಿದ್ದಾರೆ! ನಿನ್ನ ಗಂಡ ಇದೇ ಮೂಟೆ ಹಿಂದೆ ನಿಂತು ಬಾಳೆಹಣ್ಣು ತಿಂದು ಮನೆಗೆ ಬರ್ತಾನೆ. ನಿಮ್ಮತ್ತೆಗೆ ಅಜೀರ್ಣನೂ ಇಲ್ಲ, ಗಿಜೀರ್ಣನೂ ಇಲ್ಲ, ಮಾತ್ರೆ ಬಣ್ಣ ಬದಲಾಯಿಸಿಕೊಂಡು ಹೋಗ್ತಾರೆ. ಈ ಹುಡುಗಿ ಕಬ್ಬಿಣ ಹೊತ್ಕೊಂಡು ನಿಂತಿದ್ದಾಳೆ. ಅವರು ಬಿಟ್ಟಿದ್ದನ್ನ ನೋಡಿ ನೀನು ಅಳತೆ ಇಳಿಸ್ತೀಯ, ನನ್ನ ಹತ್ರ ಬಂದು ಜಂಭ ಕೊಚ್ಕೋತೀಯ!" ಹೇಳಿದ ಮೇಲೆ ಎದೆ ಹಗುರಾಯಿತು. ಅವಳ ಮುಖ ನೋಡಿದ ಕೂಡಲೇ ಮತ್ತೆ ಭಾರವಾಯಿತು.

ಅವಳು ಅಳಲಿಲ್ಲ. ತಾಯಂದಿರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅಕ್ಕಾ, ಇಳಿಸಿದ ಅಕ್ಕಿಯೆಲ್ಲ ವಾಪಸ್ ಹಾಕಿ" ಎಂದಳು. ಚೀಲ ತುಂಬಿಸಿಕೊಂಡು, ಮಗಳ ಕೈ ಹಿಡಿದು ಹೊರಟವಳು ತಿರುಗಿ, "ನೀವೂ ಬನ್ನಿ. ಇಷ್ಟೆಲ್ಲ ಗೊತ್ತಿದ್ದೂ ನನಗೆ ಕಡಿಮೆ ತೂಗಿ ಕೊಟ್ಟವರು ನೀವು" ಎಂದಳು. ಅಂಗಡಿಯ ಷಟರ್ ಅರ್ಧ ಎಳೆದು ಹಿಂದೆಯೇ ಹೋದೆ.

ಅವಳು ಹೊಸದಾಗಿ ಅನ್ನ ಬೇಯಿಸಿದಳು, ಬೇಳೆಗೆ ತರಕಾರಿ ಹಾಕಿದಳು. ಮೊಟ್ಟೆಯನ್ನೂ ಒಡೆದಳು. ಗಂಡ ಬಂದವನೇ, "ಇವತ್ತು ಅಲ್ಲೇ ತಿಂದೆ ಕಣೇ..." ಎಂದು ಶುರು ಮಾಡಿದ. ಮೂಲೆಯಲ್ಲಿ ಕೂತಿದ್ದ ನನ್ನನ್ನು ಕಂಡು ಮಾತು ಅಲ್ಲೇ ನಿಂತಿತು. ಅತ್ತೆ ತಲೆದಿಂಬಿನ ಕಡೆ ಕೈ ಚಾಚಿದರು. "ಮಾತ್ರೆ ಬೇಡ ಅತ್ತೆ, ತಟ್ಟೆ ತಗೊಳ್ಳಿ" ಎಂದಳು ಚಾಪೆಯಮ್ಮ. ಅತ್ತೆ ನನ್ನ ಕಡೆ ತಿರುಗಿ, "ನಿನ್ನ ಬಾಯಲ್ಲಿ ಒಂದು ಮಾತು ನಿಲ್ಲಲ್ಲ" ಎಂದರು. ನಿಂತಿತ್ತಲ್ಲ ಅಮ್ಮ, ಇಷ್ಟು ದಿನ, ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅವಳು ಸೌಟು ಹಿಡಿದು ನಿಂತು ಮೂವರಿಗೂ ಬಡಿಸಿದಳು. ತಟ್ಟೆ ಖಾಲಿಯಾದರೆ ಮತ್ತೆ ಬಡಿಸಿದಳು. ಕೊನೆಗೆ ಪಾತ್ರೆಯನ್ನು ಬಗ್ಗಿಸಿ ತೋರಿಸಿದಳು. "ಇನ್ನು ಮೇಲೆ ಈ ಮನೇಲಿ ನನಗೋಸ್ಕರ ಯಾರೂ ಉಳಿಸೋ ಹಾಗಿಲ್ಲ. ಸಾಲದಿದ್ರೆ ಸಾಲದು ಅಂತ ಬಾಯಿಬಿಟ್ಟು ಹೇಳಿ. ಸಾಲೋ ಹಾಗೆ ಮಾಡೋದು ನನ್ನ ಕೆಲಸ."

"ಚಾಪೆ?" ಎಂದಳು ಮೇಡಂ, ಬಾಯಿ ತುಂಬ ಅನ್ನ ಇಟ್ಟುಕೊಂಡು.

"ಸೋಮವಾರ ನೋಡೋಣ."

ಸೋಮವಾರ ಬೆಳಗ್ಗೆ ನಾನು ಅಂಗಡಿ ತೆರೆಯುವುದನ್ನೇ ಮರೆತು ಆ ಮನೆಯ ಕಡೆ ನೋಡುತ್ತಾ ನಿಂತಿದ್ದೆ. ನೀಲಿ ಚಾಪೆಯನ್ನು ಸುತ್ತಿ ಬಾಗಿಲ ಪಕ್ಕದ ಗೋಡೆಗೆ ಒರಗಿಸಿದ್ದಳು. ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರು ಅದನ್ನು ನೋಡಿ ಹೊಸ್ತಿಲಲ್ಲೇ ಬಣ್ಣಗೆಟ್ಟು ನಿಂತರು.

"ಗಾಬರಿಯಾಗಬೇಡಿ, ನಿಲ್ಲಿಸ್ತಿಲ್ಲ" ಎಂದಳು. "ನಿಮ್ಮ ಮಕ್ಕಳ ತೂಕ ಏರಿದೆ, ನನ್ನ ಮಗಳ ತೂಕ ಇಳಿದಿದೆ. ಶನಿವಾರ ನೀವೇ ಕಣ್ಣಾರೆ ನೋಡಿದ್ರಿ. ನನಗೆ ಕಡಿಮೆ ದುಡ್ಡಲ್ಲೂ ನಡೆಸೋದು ಗೊತ್ತು. ಆದ್ರೆ ಇದಕ್ಕಿಂತ ಕಡಿಮೇಲಿ ಗೊತ್ತಿಲ್ಲ. ಫೀಸು ಏರಿಸ್ತಿದ್ದೀನಿ. ಕೊಡಕ್ಕಾಗದವರು ಕೈಯಲ್ಲಾದ ಕೆಲಸ ಮಾಡಿಕೊಡಿ. ಎರಡೂ ಆಗಲ್ಲ ಅಂದ್ರೆ ಹೇಳಿ, ಚಾಪೆ ಬಿಚ್ಚೋದು ಬಿಡೋದು ಆಮೇಲೆ."

ಸ್ಕೂಟರಿನಲ್ಲಿ ಬರುವ ಒಬ್ಬ ತಂದೆ ಮೂಗು ಮುರಿದ. "ಬೇರೆ ಕಡೆ ಇದಕ್ಕಿಂತ ಕಡಿಮೆಗೆ ನೋಡ್ಕೋತಾರೆ."

"ನೋಡ್ಕೋತಾರೆ. ಪಾತ್ರೆ ಮುಚ್ಚಳ ತೆಗೆದು ತೋರಿಸಿ ಅಂತಲೂ ಕೇಳಿ ಬನ್ನಿ."

ಅವನು ಮಗನನ್ನು ಕೂರಿಸಿಕೊಂಡು ಭರ್ರೆಂದು ಹೋದ. ಆಸ್ಪತ್ರೆಯವಳು ಕಣ್ಣೊರೆಸಿಕೊಂಡು, "ದುಡ್ಡು ನನ್ನ ಕೈಲಾಗಲ್ಲ. ಸಂಜೆ ಪಾತ್ರೆ ಎಲ್ಲ ತಿಕ್ಕಿಟ್ಟೇ ಮಗೂನ ಕರ್ಕೊಂಡು ಹೋಗ್ತೀನಿ" ಎಂದಳು. ತರಕಾರಿ ಮಂಡಿಯಲ್ಲಿ ಮೂಟೆ ಹೊರುವವನ ಹೆಂಡತಿ, ಮಾರಿ ಮಿಕ್ಕ ತರಕಾರಿ ತರಿಸಿಕೊಡುವುದಾಗಿ ಹೇಳಿದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಪ್ಪಿದರು. ಚಾಪೆಯನ್ನು ಮೇಡಂ ಬಿಚ್ಚಿದಳು. ಅಲ್ಲಿಂದ ಚಾಪೆಯಮ್ಮ ನೇರ ನನ್ನ ಬಳಿಗೆ ಬಂದು, ಅಕ್ಕಿ ಬೇಳೆಯನ್ನು ಇನ್ನು ಮೇಲೆ ಮೂಟೆಯ ಲೆಕ್ಕದಲ್ಲಿ, ನಾನು ತಂದ ಬೆಲೆಗೇ ಕೊಡಬೇಕೆಂದಳು. "ನನಗೇನು ಲಾಭ?" ಎಂದೆ. "ಸಂಕಟ ಆಗಲ್ಲ ನಿಮಗೆ" ಎಂದಳು. ಅದೂ ನಿಜವೇ ಆಗಿತ್ತು. ಕೊಟ್ಟೆ. ನಾಲ್ಕು ದಿನ ಕಳೆದ ಮೇಲೆ ಸ್ಕೂಟರೂ ಬಂತು. ಆ ತಂದೆ ಕನ್ನಡಿ ಒರೆಸುವ ನೆಪದಲ್ಲಿ ತಲೆ ಎತ್ತದೆ ಮಗನನ್ನು ಇಳಿಸಿ ಹೋದ.

ಮುಂದಿನ ತೂಕದ ಶನಿವಾರ ಇಡೀ ಮನೆಯೇ ಬಂದಿತ್ತು. ಮಕ್ಕಳ ತೂಕವಾಯಿತು. ಮೇಡಂ ತಾನೇ ಜೇಬುಗಳನ್ನು ಹೊರಗೆಳೆದು ಎಲ್ಲರಿಗೂ ತೋರಿಸಿ ಹಲಗೆ ಹತ್ತಿದಳು. ಮುಳ್ಳು ಹಳೆಯ ಗೆರೆ ದಾಟಿ ನಿಂತಿತು. ಗಂಡ ಹತ್ತಿದ. ಅತ್ತೆ, "ಮೂಟೆ ತೂಗೋದ್ರ ಮೇಲೆ ನನ್ನ ಹತ್ತಿಸ್ತೀರಲ್ಲ" ಎಂದು ಗೊಣಗುತ್ತಾ ಹತ್ತಿ, ಮುಳ್ಳು ಎಲ್ಲಿ ನಿಂತಿತೆಂದು ಎರಡು ಸಲ ಕೇಳಿ ತಿಳಿದುಕೊಂಡರು. ಚಾಪೆಯಮ್ಮ ಒಬ್ಬೊಬ್ಬರನ್ನೂ ನೋಡಿ ನಗುತ್ತಾ ಬಾಗಿಲ ಬಳಿ ನಿಂತಿದ್ದಳು. ವಾರದ ಸಾಮಾನಿನ ಚೀಲ ಆಗಲೇ ಅವಳ ಕೈಯಲ್ಲಿತ್ತು.

"ಈಗ ನೀನು" ಎಂದೆ.

"ನನಗ್ಯಾಕೆ ಅಕ್ಕಾ? ಮಕ್ಕಳ ತಟ್ಟೆ ಬಳಿದೇ ನನ್ನ..."

ಆ ಮಾತು ಕೇಳಿ ಈ ಸಲ ನನಗೆ ನಗು ಬರಲಿಲ್ಲ. ಅಂದು ಸಂಜೆ ಅವಳು ಮೂವರಿಗೆ ಬಡಿಸಿ, ಖಾಲಿ ಪಾತ್ರೆಯನ್ನು ಬಗ್ಗಿಸಿ ತೋರಿಸಿದ್ದು ನೆನಪಾಯಿತು. ನಾನು ಅಲ್ಲೇ ಮೂಲೆಯಲ್ಲಿ ಕೂತಿದ್ದೆ. ಅವಳ ಕೈಯಲ್ಲಿ ಸೌಟು ಕಂಡಿದ್ದೆನೇ ಹೊರತು ತಟ್ಟೆಯನ್ನು ನಾನು ಕಂಡಿರಲಿಲ್ಲ. ಗಂಡನಿಗೂ ಅದೇ ಹೊಳೆದಿರಬೇಕು, ಅವನು ತಲೆ ತಗ್ಗಿಸಿದ.

"ಹತ್ತೇ" ಎಂದರು ಅತ್ತೆ.

ಅವಳು ಚಪ್ಪಲಿ ಬಿಟ್ಟು ಹಲಗೆ ಹತ್ತಿದಳು. ಮುಳ್ಳು ಸರ್ರನೆ ತಿರುಗಿ ಒಳ್ಳೆಯ ಜಾಗದಲ್ಲೇ ನಿಂತಿತು. "ನೋಡಿ, ನಾನು ಗುಂಡುಕಲ್ಲಿನ ಹಾಗಿದ್ದೀನಿ" ಎಂದು ಇಳಿಯಹೊರಟಳು.

ಮೇಡಂ ಎದುರಿಗೆ ಬಂದು ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತಳು.

"ಅಮ್ಮಾ," ಎಂದಳು, "ಚೀಲ ಕೆಳಗಿಡು."